ಇವತ್ತು ಯಾರ ಹುಟ್ಟುಹಬ್ಬ? ಸಂಗೀತದ ದಿನಪುಸ್ತಕ ಕಟ್ಟುವ ಬಗೆ, ಹಂತ ಹಂತವಾಗಿ

ನಮ್ಮೂರಿನ ವಾಚನಾಲಯದ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಇದೆ. ಮೊದಲು ಅದರ ಮೇಲೆ ‘ಚಪ್ಪಲಿ ಹೊರಗೆ ಬಿಡಿ’ ಎಂದಷ್ಟೇ ಇರುತ್ತಿತ್ತು. ಈಗ ಮೇಲರ್ಧ ಚಪ್ಪಲಿಗೆ, ಕೆಳಗರ್ಧ ಸಂಗೀತಕ್ಕೆ. ಆ ದಿನ ಹುಟ್ಟಿದ ಅಥವಾ ತೀರಿಕೊಂಡ ಒಬ್ಬ ಸಂಗೀತಗಾರರ ಹೆಸರು, ಎರಡು ಮೂರು ಸಾಲು ವಿವರ. ಬರೆಯುವ ಕೆಲಸ ನನ್ನದು.

2024ರ ಜನವರಿ 6ರಂದು ನಾನು ದೊಡ್ಡ ಅಕ್ಷರದಲ್ಲಿ ‘ಇಂದು ತ್ಯಾಗರಾಜರ ಆರಾಧನೆ’ ಎಂದು ಬರೆದೆ. ಪೇಪರ್ ಓದಲು ಬಂದ ಪಿಟೀಲು ಮೇಷ್ಟ್ರು ಚಪ್ಪಲಿ ಬಿಟ್ಟು, ಕನ್ನಡಕ ಏರಿಸಿಕೊಂಡು, ಹಲಗೆಯನ್ನು ಎರಡು ಸಲ ಓದಿದರು. “ಏನ್ರೀ, ಈ ಸಲ ಆರಾಧನೆ ಮೂರು ವಾರ ಮುಂಚೆಯೇ ಬಂತಾ? ತಿರುವೈಯಾರಿಗೆ ಸುದ್ದಿ ಮುಟ್ಟಿಸಿದ್ರಾ?” ಅಂದರು.

ನಾನು ಬರೆದ ತಾರೀಖು ತಪ್ಪಾಗಿರಲಿಲ್ಲ. ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿ 6ರಂದೇ. ಆದರೆ ಆರಾಧನೆ ನಡೆಯುವುದು ತಾರೀಖಿನ ಪ್ರಕಾರವಲ್ಲ, ಪುಷ್ಯ ಬಹುಳ ಪಂಚಮಿಯ ಪ್ರಕಾರ. ಆ ವರ್ಷ ಪಂಚಮಿ ಬಂದದ್ದು ಜನವರಿ 30ಕ್ಕೆ. ತಾರೀಖು ಸರಿ, ಪದ ತಪ್ಪು. ಹಲಗೆ ಒರೆಸಿದೆ. ಅವತ್ತಿನಿಂದ ಈ ಕೆಲಸಕ್ಕೆ ಒಂದು ಕ್ರಮ ಬೇಕು ಅನ್ನಿಸಿ, ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ಒಂದು ಪುಸ್ತಕ ಕಟ್ಟಿದೆ. ಶಾಲೆಯ ಪ್ರಾರ್ಥನೆಗೋ ಸಂಗೀತದ ಕ್ಲಾಸಿಗೋ ಮನೆಮಂದಿಯ ವಾಟ್ಸಾಪ್ ಗುಂಪಿಗೋ ನೀವೂ ಇಂಥದ್ದೊಂದು ಮಾಡಬೇಕೆಂದಿದ್ದರೆ, ಹೀಗೆ ಹೊರಡಿ.

ಬೇಕಾಗುವ ಸಾಮಾನು

400 ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ಕು, ಸೀಸದ ಕಡ್ಡಿ, ನೀಲಿ ಮತ್ತು ಕೆಂಪು ಪೆನ್ನು, ಆ ವರ್ಷದ ಪಂಚಾಂಗ, ಹಾಡು ಕೇಳಲು ಒಂದು ಫೋನು. ಪಂಚಾಂಗ ಯಾವುದಾದರೂ ಆದೀತು. ನಮ್ಮ ಕಡೆ ಒಂಟಿಕೊಪ್ಪಲ್ ಪಂಚಾಂಗ ಗೂಡಂಗಡಿಯಲ್ಲೂ ಸಿಗುತ್ತದೆ.

ಹಂತ 1: ಹನ್ನೆರಡೇ ಹೆಸರಿನಿಂದ ಶುರುಮಾಡಿ

ಮೊದಲ ದಿನವೇ 366 ಪುಟ ತುಂಬಿಸಲು ಹೊರಟವರು ಸಾಮಾನ್ಯವಾಗಿ ಫೆಬ್ರವರಿ ದಾಟುವುದಿಲ್ಲ. ತಿಂಗಳಿಗೆ ಒಂದು ಹೆಸರು ಸಾಕು. ಅದೂ ನೀವು ಕೇಳಿ ಬಲ್ಲ ಹೆಸರೇ ಇರಲಿ. ನನ್ನ ಮೊದಲ ಪಟ್ಟಿ ಹೀಗಿತ್ತು. ಬೇಕಾದರೆ ಇದನ್ನೇ ಎತ್ತಿಕೊಳ್ಳಿ:

- ಜನವರಿ 10: ಕೆ.ಜೆ. ಯೇಸುದಾಸ್, 1940. ದಶಕಗಳ ಕಾಲ ಹುಟ್ಟುಹಬ್ಬದ ದಿನ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ಹಾಡಿದವರು.
- ಫೆಬ್ರವರಿ 4: ಭೀಮಸೇನ ಜೋಶಿ, 1922.
- ಮಾರ್ಚ್ 5: ಗಂಗೂಬಾಯಿ ಹಾನಗಲ್, 1913.
- ಏಪ್ರಿಲ್ 8: ಕುಮಾರ ಗಂಧರ್ವ, 1924. ಬೆಳಗಾವಿ ಬಳಿಯ ಸುಳೇಭಾವಿಯ ಶಿವಪುತ್ರಯ್ಯ ಕೊಂಕಾಳಿಮಠ.
- ಮೇ 28: ಮೈಸೂರು ವಾಸುದೇವಾಚಾರ್ಯರು, 1865.
- ಜೂನ್ 4: ಎಸ್.ಪಿ. ಬಾಲಸುಬ್ರಹ್ಮಣ್ಯಂ, 1946.
- ಜುಲೈ 6: ಎಂ. ಬಾಲಮುರಳಿಕೃಷ್ಣ, 1930. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು.
- ಆಗಸ್ಟ್ 11: ವೈಣಿಕ ವಿ. ದೊರೆಸ್ವಾಮಿ ಅಯ್ಯಂಗಾರ್, 1920.
- ಸೆಪ್ಟೆಂಬರ್ 22: ಪಿ.ಬಿ. ಶ್ರೀನಿವಾಸ್, 1930.
- ಅಕ್ಟೋಬರ್ 19: ಮೈಸೂರು ಅನಂತಸ್ವಾಮಿ, 1936.
- ನವೆಂಬರ್ 3: ಬೆಂಗಳೂರು ನಾಗರತ್ನಮ್ಮ, 1878.
- ಡಿಸೆಂಬರ್ 31: ಮಲ್ಲಿಕಾರ್ಜುನ ಮನಸೂರ, 1910.

ಈ ಹನ್ನೆರಡರಲ್ಲೇ ಹಿಂದೂಸ್ತಾನಿ ಇದೆ, ಕರ್ನಾಟಕ ಸಂಗೀತ ಇದೆ, ಸಿನಿಮಾ ಇದೆ, ಸುಗಮ ಸಂಗೀತ ಇದೆ. ಒಂದು ಹೆಸರು ಇನ್ನೊಂದನ್ನು ಕರೆದುಕೊಂಡು ಬರುತ್ತದೆ. ನಾಗರತ್ನಮ್ಮನವರ ಪುಟ ಬರೆಯಲು ಕೂತರೆ ತ್ಯಾಗರಾಜರ ಪುಟ ತಾನಾಗಿ ತೆರೆಯುತ್ತದೆ. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ಅವರ ಸಮಾಧಿಗೆ ಗುಡಿ ಕಟ್ಟಿಸಿದವರು ಈಕೆಯೇ. ಭೀಮಸೇನ, ಗಂಗೂಬಾಯಿ ಇಬ್ಬರ ಪುಟದಿಂದಲೂ ದಾರಿ ಕುಂದಗೋಳದ ಸವಾಯಿ ಗಂಧರ್ವರ ಮನೆಗೇ ಹೋಗುತ್ತದೆ. ಹೀಗೆ ಬಳ್ಳಿ ಹಿಡಿದು ಹೋದರೆ ವರ್ಷ ಕಳೆಯುವಷ್ಟರಲ್ಲಿ ನೂರು ಹೆಸರು ಸೇರಿರುತ್ತವೆ.

ಹಂತ 2: ಪುಸ್ತಕಕ್ಕೆ ಗೆರೆ ಹಾಕಿ

ದಿನಕ್ಕೊಂದು ಪುಟ. ಪುಟದ ತಲೆಯ ಮೇಲೆ ದಿನ ಮತ್ತು ತಿಂಗಳು ಮಾತ್ರ. ವಾರ, ಇಸವಿ ಬೇಡ. ಆಗ ಪುಸ್ತಕ ಎಷ್ಟು ವರ್ಷವಾದರೂ ಬಾಳುತ್ತದೆ. 365 ಅಲ್ಲ, 366 ಪುಟ ಬಿಡಿ. ಫೆಬ್ರವರಿ 29ಕ್ಕೂ ನೆಂಟರಿದ್ದಾರೆ. ಇಟಲಿಯ ರೊಸ್ಸಿನಿ ಹುಟ್ಟಿದ್ದು 1792ರ ಆ ದಿನ, ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ಹುಟ್ಟಿದ್ದು 1904ರ ಆ ದಿನ. ರುಕ್ಮಿಣಿದೇವಿಯವರ ಕಲಾಕ್ಷೇತ್ರಕ್ಕೆ ಇಳಿವಯಸ್ಸಿನಲ್ಲಿ ಹೋಗಿ ರಾಮಾಯಣದ ನೃತ್ಯರೂಪಕಗಳಿಗೆ ಸಂಗೀತ ಕೊಟ್ಟವರು ಯಾರು? ನಿಮ್ಮ ಮೇ 28ರ ವಾಸುದೇವಾಚಾರ್ಯರು. ನೋಡಿದಿರಾ, ಬಳ್ಳಿ ಚಿಗುರಿತು.

ಪ್ರತಿ ಪುಟದಲ್ಲೂ ಆರು ಕಾಲಂ: ಇಸವಿ, ಹೆಸರು, ಹುಟ್ಟೋ ಸಾವೋ ಘಟನೆಯೋ, ಊರು, ಎಲ್ಲಿಂದ ತಿಳಿಯಿತು, ಏನು ಕೇಳಬೇಕು. ಕೊನೆಯ ಎರಡು ಕಾಲಂ ಖಾಲಿ ಬಿಡುವ ಆಸೆ ಬರುತ್ತದೆ. ಬಿಡಬೇಡಿ. ಐದನೆಯದು ನಿಮ್ಮ ಮರ್ಯಾದೆ ಉಳಿಸುತ್ತದೆ, ಆರನೆಯದು ಓದುಗರನ್ನು ಉಳಿಸುತ್ತದೆ.

ಪುಸ್ತಕದ ಕೊನೆಯಲ್ಲಿ ಉಳಿಯುವ ಮೂವತ್ತು ಚಿಲ್ಲರೆ ಪುಟಗಳನ್ನು ಹರಿದು ಮಕ್ಕಳ ರಫ್ ಬುಕ್ಕಿಗೆ ಕೊಡಬೇಡಿ. ಅವು ತಿಥಿಗಳಿಗೆ. ಆ ಮಾತು ನಾಲ್ಕನೇ ಹಂತದಲ್ಲಿ ಬರುತ್ತದೆ.

ಹಂತ 3: ಎರಡು ಸಾಕ್ಷಿ ಸಿಗುವ ತನಕ ಸೀಸದ ಕಡ್ಡಿ

ಯಾವ ತಾರೀಖನ್ನೇ ಆಗಲಿ ಮೊದಲು ಸೀಸದ ಕಡ್ಡಿಯಲ್ಲಿ ಬರೆಯಿರಿ. ಬೇರೆ ಬೇರೆ ಕಡೆಯಿಂದ ಎರಡು ಸಾಕ್ಷಿ ಸಿಕ್ಕ ಮೇಲೆ ನೀಲಿ ಪೆನ್ನು. ಒಂದನ್ನು ನೋಡಿ ಇನ್ನೊಂದು ಬರೆದಿದ್ದರೆ ಅದು ಎರಡಲ್ಲ, ಒಂದೇ.

ಸಾಕ್ಷಿ ಎಲ್ಲಿ ಹುಡುಕುವುದು? ಕಲಾವಿದರೇ ಬರೆದ ಪುಸ್ತಕ ಇದ್ದರೆ ಮೊದಲು ಅದು. ಮನಸೂರರ ‘ನನ್ನ ರಸಯಾತ್ರೆ’ ಇದೆ. ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಇದೆ; ಅದರಲ್ಲಿ ಅವರು ಕಂಡು ಕೇಳಿದ ಒಂದು ತಲೆಮಾರೇ ಇದೆ. ಆಮೇಲೆ ಅಕಾಡೆಮಿಗಳು ತಂದ ಜೀವನಚರಿತ್ರೆಗಳು, ಜನ್ಮಶತಮಾನೋತ್ಸವದ ಸ್ಮರಣ ಸಂಚಿಕೆಗಳು. ಸಾವಿನ ದಿನಕ್ಕೆ ಮಾರನೇ ದಿನದ ಪತ್ರಿಕೆಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಸಾವು ಊರಿಗೆಲ್ಲ ಗೊತ್ತಾಗುತ್ತದೆ. ಹುಟ್ಟು ಗೊತ್ತಿರುವುದು ಸೂಲಗಿತ್ತಿಗೆ. ಅದಕ್ಕೇ ನಮ್ಮ ಹಳೆಯ ಕಲಾವಿದರಲ್ಲಿ ಸಾವಿನ ತಾರೀಖು ಖಚಿತವಾಗಿದ್ದು ಹುಟ್ಟಿನದು ತೂಗಾಡುವುದು ಹೆಚ್ಚು.

ಹುಟ್ಟಿದ ದಿನ ದಾರಿ ತಪ್ಪುವ ಮೂರು ಬಗೆ ನೆನಪಿಡಿ.

ಒಂದು, ಶಾಲೆಯ ತಾರೀಖು. ಮಗುವನ್ನು ಸೇರಿಸಲು ಹೋದಾಗ ಅಪ್ಪನಿಗೆ ನೆನಪಿಲ್ಲದಿದ್ದರೆ ಮೇಷ್ಟ್ರೇ ಜೂನ್ 1 ಎಂದು ಬರೆದು ಮುಗಿಸಿದ ಕಾಲವೊಂದಿತ್ತು. ನಮ್ಮ ಮನೆಯಲ್ಲೇ ಅಂಥ ಇಬ್ಬರಿದ್ದಾರೆ. ಹಳ್ಳಿಯಿಂದ ಬಂದ ಹಳೆಯ ಕಲಾವಿದರ ತಾರೀಖು ತೀರಾ ಸಲೀಸಾದ ದಿನಕ್ಕೆ ಬಿದ್ದಿದ್ದರೆ ಇನ್ನೊಮ್ಮೆ ವಿಚಾರಿಸಿ.

ಎರಡು, ದಾಖಲೆ ಹೇಳುವುದು ಒಂದು, ನಾವು ಓದುವುದು ಇನ್ನೊಂದು. ಬೆಥೋವನ್ ಹುಟ್ಟುಹಬ್ಬವೆಂದು ಡಿಸೆಂಬರ್ 16, 17 ಎರಡನ್ನೂ ಬರೆಯುತ್ತಾರೆ. ಬಾನ್ ನಗರದ ಚರ್ಚಿನ ಪುಸ್ತಕದಲ್ಲಿ ಇರುವುದು 1770ರ ಡಿಸೆಂಬರ್ 17ರಂದು ಮಗುವಿಗೆ ದೀಕ್ಷಾಸ್ನಾನವಾಯಿತು ಎಂಬ ಮಾತು. ಹುಟ್ಟಿದ ದಿನದ ದಾಖಲೆ ಇಲ್ಲ. ಹಾಗಾದರೆ ಹಲಗೆಯ ಮೇಲೆ ಬರೆಯಬೇಕಾದದ್ದು ‘ಬೆಥೋವನ್ ಹುಟ್ಟಿದ ದಿನ’ ಎಂದಲ್ಲ, ‘ದೀಕ್ಷಾಸ್ನಾನವಾದ ದಿನ’ ಎಂದು.

ಮೂರು, ಹುಟ್ಟಿದ್ದು ಒಂದು ದಿನ, ಆಚರಿಸುವುದು ಇನ್ನೊಂದು ದಿನ. ಇಳಯರಾಜ ಹುಟ್ಟಿದ್ದು ಜೂನ್ 3. ಕರುಣಾನಿಧಿಯವರ ಹುಟ್ಟುಹಬ್ಬವೂ ಅದೇ ದಿನ. ತಮಗೆ ‘ಇಸೈಜ್ಞಾನಿ’ ಬಿರುದು ಕೊಟ್ಟ ಆ ಹಿರಿಯರಿಗೆ ದಿನವನ್ನು ಬಿಟ್ಟುಕೊಟ್ಟು ಜೂನ್ 2ರಂದೇ ಆಚರಿಸಿಕೊಳ್ಳುವ ರೂಢಿ ಅವರದು. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದವರು ಇಳಯರಾಜ. ಆದ್ದರಿಂದ ಕನ್ನಡದವರ ಪುಸ್ತಕದಲ್ಲಿ ಅವರಿಗೆ ಜಾಗ ಬೇಕೇ ಬೇಕು. ನಾನು ಜೂನ್ 2ರ ಪುಟದಲ್ಲಿ ಹೆಸರು ಬರೆದು, ಕಾರಣವನ್ನು ಅಂಚಿನಲ್ಲಿ ಬರೆದಿದ್ದೇನೆ. ಹಲಗೆ ಓದಿದವರಿಗೆ ರುಚಿಸಿದ್ದು ತಾರೀಖಿಗಿಂತ ಆ ಕಾರಣ.

ಹಂತ 4: ಯಾವ ಕ್ಯಾಲೆಂಡರು ಎಂದು ಕೇಳಿ

ನನ್ನ ಹಲಗೆಯ ತಪ್ಪು ಇಲ್ಲಿಯದು. ತಾರೀಖು ಕೈಗೆ ಸಿಕ್ಕ ಕೂಡಲೇ ‘ಇದು ಯಾರ ಕ್ಯಾಲೆಂಡರಿನ ದಿನ?’ ಎಂದು ಕೇಳಿಕೊಳ್ಳಿ.

ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿ. 2024ರಲ್ಲಿ ಅದು ಜನವರಿ 30, 2025ರಲ್ಲಿ ಜನವರಿ 18. ಪುರಂದರದಾಸರ ಪುಣ್ಯದಿನ ಅದೇ ಪುಷ್ಯದ ಅಮಾವಾಸ್ಯೆ, ಪಂಚಮಿಯಾಗಿ ಹತ್ತು ತಿಥಿಗೆ. ಕನಕ ಜಯಂತಿ ಕಾರ್ತಿಕ ಬಹುಳ ತದಿಗೆ. ಮುತ್ತುಸ್ವಾಮಿ ದೀಕ್ಷಿತರು ದೇಹಬಿಟ್ಟದ್ದು ದೀಪಾವಳಿಯ ನರಕ ಚತುರ್ದಶಿಯಂದು. ಇವರೆಲ್ಲರನ್ನೂ ಪುಸ್ತಕದ ಹಿಂದಿನ ಪುಟಗಳಲ್ಲಿ ಚೈತ್ರದಿಂದ ಫಾಲ್ಗುಣದವರೆಗೆ ಮಾಸವಾರು ಬರೆಯಿರಿ. ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದಾಗ ಅರ್ಧ ಗಂಟೆ ಕೂತು, ಆ ವರ್ಷ ಯಾವ ತಿಥಿ ಯಾವ ತಾರೀಖಿಗೆ ಬಂತೆಂದು ನೋಡಿ, ಆಯಾ ದಿನದ ಪುಟಕ್ಕೆ ಒಂದು ಚೀಟಿ ಅಂಟಿಸಿ. ಮುಂದಿನ ಯುಗಾದಿಗೆ ಚೀಟಿ ಕಿತ್ತು ಹೊಸದು. ಫೋನಿನ ಕ್ಯಾಲೆಂಡರಿನಲ್ಲಿ ಹಾಕುವವರು ‘ಪ್ರತಿ ವರ್ಷ’ ಎಂಬುದನ್ನು ಯೇಸುದಾಸರಿಗೆ ಒತ್ತಿ, ಪುರಂದರದಾಸರಿಗೆ ಒತ್ತಬೇಡಿ.

ಯುರೋಪಿನವರಿಗೂ ಈ ತಾಪತ್ರಯ ತಪ್ಪಿದ್ದಲ್ಲ. ಬಾಖ್ ಹುಟ್ಟಿದ ಐಸೆನಾಖ್ ಊರಿನಲ್ಲಿ ಆಗ ಹಳೆಯ ಜೂಲಿಯನ್ ಪಂಚಾಂಗ ನಡೆಯುತ್ತಿತ್ತು. ಅದರಲ್ಲಿ ಅವನ ಜನ್ಮದಿನ 1685ರ ಮಾರ್ಚ್ 21. ಇಂದಿನ ಗ್ರೆಗೋರಿಯನ್ ಲೆಕ್ಕಕ್ಕೆ ಮಾರ್ಚ್ 31. ಆ ಶತಮಾನದಲ್ಲಿ ಎರಡರ ನಡುವೆ ಹತ್ತು ದಿನದ ಅಂತರ. ಹತ್ತೊಂಬತ್ತನೇ ಶತಮಾನಕ್ಕೆ ಅದು ಹನ್ನೆರಡಾಯಿತು. ರಷ್ಯಾದ ಚೈಕೋವ್‌ಸ್ಕಿ ಹುಟ್ಟಿದ್ದು ಅವರೂರಿನ ಲೆಕ್ಕಕ್ಕೆ 1840ರ ಏಪ್ರಿಲ್ 25, ಇಂದಿನ ಲೆಕ್ಕಕ್ಕೆ ಮೇ 7.

ಹಾಗಾದರೆ ಯಾವ ಪುಟದಲ್ಲಿ ಬರೆಯುವುದು? ಲೋಕರೂಢಿಯಲ್ಲಿ ಯಾವುದು ಉಳಿದಿದೆಯೋ ಅಲ್ಲಿ. ಬಾಖ್‌ಗೆ ಹಳೆಯ ಮಾರ್ಚ್ 21 ಉಳಿದಿದೆ. 1916ರಲ್ಲಿ ಬಿಸ್ಮಿಲ್ಲಾ ಖಾನರು ಹುಟ್ಟಿದ ದಿನವೂ ಅದೇ; ಒಂದೇ ಪುಟದಲ್ಲಿ ಆರ್ಗನ್ನು, ಶಹನಾಯಿ. ಚೈಕೋವ್‌ಸ್ಕಿಗೆ ಹೊಸ ಮೇ 7 ಉಳಿದಿದೆ. ಇನ್ನೊಂದು ತಾರೀಖನ್ನು ಅಂಚಿಗೆ ಬರೆಯಿರಿ. ಅಂಚು ಇರುವುದೇ ಅದಕ್ಕೆ.

ಮೇ 7ರ ಪುಟವನ್ನು ಒಮ್ಮೆ ಬಿಡಿಸಿ ತೋರಿಸುತ್ತೇನೆ. 1824, ಬೆಥೋವನ್‌ನ ಒಂಬತ್ತನೇ ಸಿಂಫನಿ ವಿಯೆನ್ನಾದಲ್ಲಿ ಮೊದಲ ಸಲ ನುಡಿದ ಸಂಜೆ. ಕಿವಿ ಕೇಳದ ಅವನನ್ನು ಗಾಯಕಿಯೊಬ್ಬಳು ಜನರ ಕಡೆ ತಿರುಗಿಸಿ ನಿಲ್ಲಿಸಿದಾಗಲೇ ಚಪ್ಪಾಳೆ ಅವನಿಗೆ ಕಂಡದ್ದು. 1833, ಹ್ಯಾಂಬರ್ಗಿನಲ್ಲಿ ಬ್ರಾಮ್ಸ್ ಜನನ. 1840, ಚೈಕೋವ್‌ಸ್ಕಿ. 1861, ರವೀಂದ್ರನಾಥ ಠಾಕೂರರು. ಠಾಕೂರರಿಗೆ ಮಾತ್ರ ಅಂಚಿನಲ್ಲಿ ಇನ್ನೊಂದು ಸಾಲು: ಬಂಗಾಳಿಗಳಿಗೆ ಅದು ವೈಶಾಖದ 25, ಆದ್ದರಿಂದ ಕೋಲ್ಕತ್ತದಲ್ಲಿ ಹಬ್ಬ ಸಾಮಾನ್ಯವಾಗಿ ಮೇ 8 ಅಥವಾ 9ಕ್ಕೆ. ಊರಿನ ಕಾಲಂನಲ್ಲಿ ನಾನು ಕೋಲ್ಕತ್ತದ ಜೊತೆ ಕಾರವಾರವನ್ನೂ ಬರೆದೆ. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇದ್ದಾಗ ತರುಣ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಸಮುದ್ರದಂಡೆಗೆ ಇವತ್ತಿಗೂ ಅವರದೇ ಹೆಸರು.

ಹಂತ 5: ಅಲ್ಲಿ ರಾತ್ರಿ, ಇಲ್ಲಿ ಬೆಳಗು

ಪಂಡಿತ್ ರವಿಶಂಕರ್ ತೀರಿಕೊಂಡದ್ದು 2012ರ ಡಿಸೆಂಬರ್ 11ರಂದು, ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಸಂಜೆ; ನಮ್ಮಲ್ಲಿ ಆಗಲೇ 12ರ ಬೆಳಗು. ಮೈಕೆಲ್ ಜಾಕ್ಸನ್ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡದ್ದು 2009ರ ಜೂನ್ 25ರ ಮಧ್ಯಾಹ್ನ. ಇಲ್ಲಿ 26ರ ಬೆಳಗಿನ ಜಾವ ಮೂರು ಗಂಟೆಯ ಹೊತ್ತು. ನಮ್ಮ ನೆನಪು 26 ಅನ್ನುತ್ತದೆ, ದಾಖಲೆ 25 ಅನ್ನುತ್ತದೆ. ನಿಯಮ ಸುಲಭ: ಘಟನೆ ನಡೆದ ಊರಿನ ಗಡಿಯಾರವೇ ಲೆಕ್ಕ. ಹಾಗೆ ಬರೆದಾಗಲೇ ಡಿಸೆಂಬರ್ 11ರ ಪುಟದಲ್ಲಿ ರವಿಶಂಕರ್ ಜೊತೆ 2004ರ ಅದೇ ದಿನ ಅಗಲಿದ ಎಂ.ಎಸ್. ಸುಬ್ಬುಲಕ್ಷ್ಮಿ ಸಿಗುತ್ತಾರೆ.

ಹಂತ 6: ಹುಟ್ಟು ಸಾವಿನಾಚೆ ನೋಡಿ, ‘ಮೊದಲ’ ಎಂಬ ಪದಕ್ಕೆ ಹೆದರಿ

ಬರೀ ಹುಟ್ಟುಹಬ್ಬಗಳೇ ಆದರೆ ಪುಸ್ತಕ ಪಡಿತರ ಚೀಟಿಯಂತಾಗುತ್ತದೆ. ರೇಡಿಯೋ ಶುರುವಾದ ದಿನ, ಸಿನಿಮಾ ತೆರೆಕಂಡ ದಿನ, ಧ್ವನಿಮುದ್ರಣವಾದ ದಿನ ಇವನ್ನೂ ಸೇರಿಸಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹಬ್ಬುವ ಮುಂಚೆ ಆ ಮನೆಯ ನಿಲಯದ್ದಾಗಿತ್ತು. ಧಾರವಾಡ ನಿಲಯ 1950ರ ಜನವರಿ 8, ಬೆಂಗಳೂರು ನಿಲಯ 1955ರ ನವೆಂಬರ್ 2.

ಗೌಹರ್ ಜಾನ್ ಅವರನ್ನು ಬಿಡಬೇಡಿ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಗೆ ಬಂದು ಆಕೆಯ ಹಾಡನ್ನು ತಟ್ಟೆಗೆ ಇಳಿಸಿದ. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರ ಹಾಡೆಂದು ಗೊತ್ತಾಗಬೇಕಲ್ಲ. ಅಷ್ಟು ಮೆರೆದ ಆಕೆಯ ಕೊನೆಗಾಲ ಮೈಸೂರಿನಲ್ಲಿ ಕಳೆಯಿತು. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡಳು. ಕಲ್ಕತ್ತೆಯ ಕತೆ ನಮ್ಮ ಜನವರಿ 17ರ ಪುಟಕ್ಕೆ ಬಂದದ್ದು ಹೀಗೆ.

ಘಟನೆ ಬರೆಯುವಾಗ ‘ಮೊದಲ’ ಎಂಬ ಪದ ಕೈಗೆ ಬಂದರೆ ನಿಲ್ಲಿ. ಮೊದಲು ತಯಾರಿಗೆ ಇಳಿದದ್ದೋ, ಮೊದಲು ಜನ ನೋಡಿದ್ದೋ? ಕನ್ನಡದ ಮೊದಲ ವಾಕ್ಚಿತ್ರ ಯಾವುದು ಎಂದರೆ ಎಲ್ಲರೂ ‘ಸತಿ ಸುಲೋಚನ’ ಅನ್ನುತ್ತಾರೆ. ತೆರೆಕಂಡದ್ದರಲ್ಲಿ ಅದೇ ಮೊದಲು, 1934ರ ಮಾರ್ಚ್ 3. ತಯಾರಿ ಶುರುವಾದದ್ದರಲ್ಲಿ ‘ಭಕ್ತ ಧ್ರುವ’ ಮುಂದಿತ್ತು. ‘ಮೊದಲು ತೆರೆಕಂಡ’ ಎಂದು ಎರಡು ಪದ ಹಾಕಿದರೆ ಜಗಳವಿಲ್ಲ.

ಹಂತ 7: ಮೂರು ಸಾಲು ಬರೆಯಿರಿ

ಈಗ ಹಲಗೆಗೆ ಇಳಿಸುವ ಕೆಲಸ. ಮಾರ್ಚ್ 3ನ್ನೇ ತೆಗೆದುಕೊಳ್ಳೋಣ. ನಾನು ಮೊದಲ ವರ್ಷ ಬರೆದದ್ದು:

‘ಇಂದು ಖ್ಯಾತ ಗಾಯಕ, ಮಹಾನ್ ಗುರು, ಗಾನಯೋಗಿ ಪುಟ್ಟರಾಜ ಗವಾಯಿಗಳ ಜನ್ಮದಿನ. ಸಂಗೀತ ಲೋಕಕ್ಕೆ ಅವರ ಕೊಡುಗೆ ಅಪಾರ.’

ಇದರಲ್ಲಿ ಹೆಸರು ತೆಗೆದು ಇನ್ನಾರ ಹೆಸರು ಹಾಕಿದರೂ ನಡೆಯುತ್ತದೆ. ಅಂದಮೇಲೆ ಇದು ಯಾರ ಬಗ್ಗೆಯೂ ಅಲ್ಲ. ಮರುವರ್ಷ ಬರೆದದ್ದು:

‘ಪುಟ್ಟರಾಜ ಗವಾಯಿಗಳು 1914ರ ಮಾರ್ಚ್ 3ರಂದು ಹಾನಗಲ್ ತಾಲೂಕಿನಲ್ಲಿ ಹುಟ್ಟಿದರು. ಎಳವೆಯಲ್ಲೇ ಕಣ್ಣು ಕಳೆದುಕೊಂಡ ಅವರಿಗೆ ಸಂಗೀತ ಕಲಿಸಿದ ಗುರು ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಗುರು 1944ರಲ್ಲಿ ತೀರಿಕೊಂಡ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರ ತನಕ ನಡೆಸಿ, ಕಣ್ಣಿಲ್ಲದ ನೂರಾರು ಮಕ್ಕಳಿಗೆ ತಾವೂ ಅನ್ನ ಹಾಕಿ ಹಾಡು ಕಲಿಸಿದರು.’

ಸೂತ್ರ ಇಷ್ಟೇ: ಮೊದಲ ಸಾಲಿನಲ್ಲಿ ಯಾರು, ಎಲ್ಲಿ, ಯಾವಾಗ. ಎರಡನೆಯದರಲ್ಲಿ ಅವರಿಗೆ ಮಾತ್ರ ಒಪ್ಪುವ ಒಂದು ಸಂಗತಿ. ಮೂರನೆಯದರಲ್ಲಿ ಅವರು ಬಿಟ್ಟುಹೋದದ್ದು. ಖ್ಯಾತ, ಮಹಾನ್, ಅಪಾರ, ಅನನ್ಯ ಈ ನಾಲ್ಕು ಪದಗಳನ್ನು ನನ್ನ ಹಲಗೆಯಿಂದ ಗಡೀಪಾರು ಮಾಡಿದ್ದೇನೆ.

ಲೆಕ್ಕದಲ್ಲಿ ಎಡವುವ ಜಾಗವೂ ಒಂದಿದೆ. ಕುಮಾರ ಗಂಧರ್ವರಿಗೆ ನೂರು ತುಂಬಿದ್ದು 2024ರ ಏಪ್ರಿಲ್ 8ಕ್ಕೆ. ನೂರನೇ ವರ್ಷ ಶುರುವಾದದ್ದು ಅದಕ್ಕೆ ಒಂದು ವರ್ಷ ಮುಂಚೆ. ‘ತುಂಬಿತು’, ‘ನಡೆಯುತ್ತಿದೆ’ ಎರಡನ್ನೂ ಬೆರೆಸಬೇಡಿ. ಇದ್ದವರಿಗೆ ಶುಭಾಶಯ, ಹೋದವರಿಗೆ ಸ್ಮರಣೆ; ಇದು ಅದಲುಬದಲಾದರೆ ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ. ಡಿಸೆಂಬರ್ 29ರಲ್ಲಿ ಎರಡೂ ಒಟ್ಟಿಗೆ ಬರುತ್ತವೆ: ಸಿ. ಅಶ್ವಥ್ 1939ರ ಆ ದಿನ ಹುಟ್ಟಿ, 2009ರ ಅದೇ ದಿನ, ಎಪ್ಪತ್ತು ತುಂಬಿದ ದಿನವೇ ತೀರಿಕೊಂಡರು. ಅಲ್ಲಿ ಎರಡು ಇಸವಿಯನ್ನು ಪಕ್ಕಪಕ್ಕ ಬರೆದು ಸುಮ್ಮನಾಗಿ. ಓದುವವರಿಗೆ ಅಷ್ಟೇ ಸಾಕಾಗುತ್ತದೆ.

ಇಂಥ ಕಾಕತಾಳೀಯಗಳು ಸಿಕ್ಕಾಗ ಖುಷಿಪಡಿ, ಕತೆ ಕಟ್ಟಬೇಡಿ. ಸವಾಯಿ ಗಂಧರ್ವರು ಹೋದದ್ದು 1952ರ ಸೆಪ್ಟೆಂಬರ್ 12. ಮನಸೂರರು ಹೋದದ್ದು ಸರಿಯಾಗಿ ನಲವತ್ತು ವರ್ಷಕ್ಕೆ, 1992ರ ಸೆಪ್ಟೆಂಬರ್ 12. ಇಬ್ಬರೂ ಧಾರವಾಡದ ಮಣ್ಣಿನವರು. ಆದರೆ ಒಬ್ಬರದು ಕಿರಾಣಾ ಘರಾಣೆ, ಇನ್ನೊಬ್ಬರದು ಜೈಪುರ ಅತ್ರೌಲಿ. ‘ಗುರು ಶಿಷ್ಯರು ಒಂದೇ ದಿನ’ ಎಂದು ಬರೆಯಲು ಕೈ ತುರಿಸಿತ್ತು. ಅವರು ಗುರು ಶಿಷ್ಯರೇ ಅಲ್ಲ.

ಹಂತ 8: ಕೇಳಿಸದೆ ಬಿಡಬೇಡಿ

ಆರನೇ ಕಾಲಂ ಇದಕ್ಕೆ. ತಾರೀಖು ಒಂದು ನೆಪ. ನೆಪದ ಹಿಂದೆ ಹಾಡಿಲ್ಲದಿದ್ದರೆ ಅದು ಜನಗಣತಿ. ‘ಏನಾದರೂ ಕೇಳಿ’ ಎಂದು ಬರೆದರೆ ಯಾರೂ ಕೇಳುವುದಿಲ್ಲ. ರಾಗ, ಹಾಡಿದವರು, ಎಷ್ಟು ನಿಮಿಷ ಈ ಮೂರನ್ನು ಹೇಳಿ. ಮನಸೂರರ ದಿನ ಅವರ ಶಿವಮತ ಭೈರವ ಅಥವಾ ಬಹಾದುರಿ ತೋಡಿ. ಅಷ್ಟು ಹೊತ್ತಿಲ್ಲದವರಿಗೆ ಅವರ ಒಂದು ವಚನ ಗಾಯನ. ಭೀಮಸೇನರ ದಿನ ಒಂದು ದಾಸರ ಪದ. ಗೌಹರ್ ಜಾನ್ ದಿನ ಹಳೆಯ ತಟ್ಟೆಯ ಒಂದು ಹಾಡು. ಆಗಿನ ತಟ್ಟೆಗೆ ಹಿಡಿಯುತ್ತಿದ್ದದ್ದೇ ಮೂರು ನಿಮಿಷದ ಆಸುಪಾಸು, ಕೊನೆಗೆ ಆಕೆಯ ಹೆಸರು ಕೂಗುವ ದನಿ ಉಚಿತ. ಚಪ್ಪಲಿ ಹಾಕಿಕೊಳ್ಳುತ್ತ ನಿಂತವರೂ ಕೇಳಿ ಮುಗಿಸಬಹುದು. ನಾನು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವಾಗ ಫೋನನ್ನು ಹಲಗೆಯ ಕೆಳಗಿನ ಮೊಳೆಗೆ ತೂಗುಹಾಕಿ ಒಮ್ಮೆ ಹಾಕುತ್ತೇನೆ. ಒಮ್ಮೆ ಮಾತ್ರ, ಅದು ವಾಚನಾಲಯ.

ಹಂತ 9: ಕೆಂಪು ಪೆನ್ನು ಮತ್ತು ಖಾಲಿ ಪುಟ

ತಪ್ಪು ಗೊತ್ತಾದರೆ ಬಿಳಿ ಬಳಿದು ಮುಚ್ಚಬೇಡಿ. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಯಾರು ತಿದ್ದಿದರೆಂದು ಪಕ್ಕದಲ್ಲಿ ಬರೆಯಿರಿ. ನನ್ನ ಜನವರಿ 6ರ ಪುಟದಲ್ಲಿ ಇವತ್ತಿಗೂ ‘ಆರಾಧನೆ’ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ಪಿಟೀಲು ಮೇಷ್ಟ್ರು’. ಅದನ್ನು ನೋಡಿದ ಮೇಲೆ ಅವರು ವಾರಕ್ಕೊಂದು ತಪ್ಪು ಹುಡುಕಿ ತರುತ್ತಾರೆ. ಇದಕ್ಕಿಂತ ಒಳ್ಳೆಯ ಸಂಪಾದಕರು ನನಗೆ ಎಲ್ಲಿ ಸಿಗಬೇಕು!

ಖಾಲಿ ಪುಟಗಳಿಗೆ ನಾಚಿಕೊಳ್ಳಬೇಡಿ, ಸಿಕ್ಕಿದ್ದನ್ನು ತುರುಕಬೇಡಿ. ಹೆಸರು ಸಿಗದ ದಿನ ನಾನು ಹಲಗೆಯ ಮೇಲೆ ಹೀಗೆ ಬರೆಯುತ್ತೇನೆ: ‘ಇವತ್ತಿಗೆ ಯಾರೂ ಸಿಕ್ಕಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.’

ಅಂಥದೊಂದು ದಿನ, ಕಸ ಗುಡಿಸಿ ಮುಗಿಸಿದ ನಮ್ಮ ಆಯಾ ಪೊರಕೆ ಮೂಲೆಗಿಟ್ಟು ಹಲಗೆಯ ಮುಂದೆ ನಿಂತರು. “ಸಾರ್, ದೊಡ್ಡೋರೇ ಆಗ್ಬೇಕಾ?” ಅಂದರು.

“ಹಾಡಿದ್ರೆ ಸಾಕಮ್ಮ” ಅಂದೆ.

“ನಮ್ಮವ್ವ ಸೋಬಾನೆ ಹೇಳೋಳು. ಸುತ್ತ ಏಳೂರಿನ ಮದುವೇಲಿ ಅವಳೇ. ರಾತ್ರಿಯೆಲ್ಲ ಹೇಳಿದ್ರೂ ಒಂದು ಪದ ಎರಡನೇ ಸಲ ಬರ್ತಿರ್ಲಿಲ್ಲ.”

“ಹುಟ್ಟಿದ್ದು ಯಾವತ್ತು?”

ನಕ್ಕರು. “ಅದ್ಯಾರಿಗೆ ಗೊತ್ತು ಸಾರ್. ಹೋಗಿದ್ದು ಮಾತ್ರ ಹೊಸತೊಡಕಿನ ದಿವ್ಸ. ಒಲೆ ಮೇಲೆ ಎಸರಿತ್ತು.”

ಮೊದಲ 366 ಪುಟಗಳಲ್ಲಿ ಆಕೆಗೆ ಜಾಗವಿರಲಿಲ್ಲ. ಹಿಂದಿನ ಪುಟಗಳನ್ನು ತೆರೆದೆ. ಚೈತ್ರ ಮಾಸ, ಶುದ್ಧ ಬಿದಿಗೆ, ಯುಗಾದಿಯ ಮಾರನೇ ದಿನ. ಇಸವಿಯ ಕಾಲಂ ಖಾಲಿ ಬಿಟ್ಟು ಹೆಸರು ಬರೆದೆ. ‘ಎಲ್ಲಿಂದ ತಿಳಿಯಿತು’ ಎಂಬಲ್ಲಿ ‘ಮಗಳು’ ಎಂದು ಬರೆದೆ. ಆರನೇ ಕಾಲಂಗೆ ಬಂದು ಕೈ ನಿಂತಿತು. ಆಕೆಯ ದನಿ ಯಾವ ತಟ್ಟೆಯಲ್ಲೂ ಇಲ್ಲ. “ನಿಮಗೆ ಬರುತ್ತಾ ಆ ಪದ?” ಎಂದು ಕೇಳಿದೆ. ಆಯಾ ಒಳಗೆ ಇಣುಕಿ ನೋಡಿದರು. ಪೇಪರ್ ಓದುತ್ತಿದ್ದವರು ಇಬ್ಬರೇ. ಸೆರಗಿನಲ್ಲಿ ಕೈ ಒರೆಸಿಕೊಂಡು, ಗೋಡೆಗೆ ಒರಗಿ, ಶುರುಮಾಡಿದರು. ಪಿಟೀಲು ಮೇಷ್ಟ್ರು ಪೇಪರ್ ಮಡಿಸಿಟ್ಟರು.